ಮೇಷ್ಟ್ರ ಮಾತು, ಬಾನುಲಿಯ ಧ್ವನಿ

ಹಾಸನದ ನಮ್ಮ ಕನ್ನಡ ಮೇಷ್ಟ್ರಿಗೆ ಎಂಬತ್ತು ತುಂಬಿದ ವರ್ಷ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅಭಿನಂದನ ಗ್ರಂಥ ತರಲು ಹೊರಟಾಗ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನನ್ನ ಪಾಲಿಗೆ ಬಂದದ್ದು ಅವರ ಬಾನುಲಿ ಭಾಷಣಗಳ ವಿಭಾಗ. 1996ರಲ್ಲಿ ಅವರು ಮಲೆನಾಡಿನ ಗಾದೆಗಳ ಬಗ್ಗೆ ಆಡಿದ ಮಾತನ್ನು ಸಹಪಾಠಿಯೊಬ್ಬ ರೇಡಿಯೊ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಹಿಡಿದುಕೊಂಡಿದ್ದ. ಕ್ಯಾಸೆಟ್ಟಿನ ನಡುವೆ ಅವನ ಮನೆಯ ಕುಕ್ಕರಿನ ಸೀಟಿಯೂ ಕೇಳುತ್ತದೆ. ಅದರಿಂದ ಎರಡು ಪುಟ ಅಚ್ಚು ಹಾಕಬೇಕು, ಕೆಳಗೊಂದು ಕ್ಯೂಆರ್ ಕೋಡ್ ಕೊಟ್ಟು ಧ್ವನಿಯನ್ನೂ ಕೇಳಿಸಬೇಕು ಎಂಬುದು ಸಮಿತಿಯ ಆಸೆ. ಅನುಮತಿ ಯಾರಿಂದ ಎಂದು ನಾನು ಕೇಳಿದ್ದಕ್ಕೆ ಫೋನಿನ ಆ ಕಡೆ ನಕ್ಕರು: “ಮೇಷ್ಟ್ರು ಇಲ್ಲೇ ಕೂತಿದಾರೆ ಕಣೋ, ಹೂಂ ಅಂದಾಯ್ತು. ಇನ್ಯಾರನ್ನ ಕೇಳ್ಬೇಕು?”

ಲೆಸ್ಟರ್‌ನಲ್ಲಿ ನೆರೆಯವರೊಬ್ಬರ ಸ್ಮರಣ ಸಂಚಿಕೆಗೆ ಕೈಜೋಡಿಸಿದ್ದಾಗ ಮೊದಲ ಸಭೆಯಲ್ಲೇ ಒಂದು ಪಟ್ಟಿ ಸಿದ್ಧವಾಗಿತ್ತು: ಯಾವ ಕಾರ್ಯಕ್ರಮ, ಎಷ್ಟು ವಾಕ್ಯ, ಹಕ್ಕುದಾರರು ಯಾರು, ಪತ್ರ ಹೋಯಿತೇ. ಆದರೆ ಆ ನೆರೆಯವರ ಮಗಳನ್ನು ಒಂದು ಮಾತು ಕೇಳುವುದು ಯಾರಿಗೂ ಹೊಳೆಯಲಿಲ್ಲ. ಅದು ನನಗೆ ಇಂದಿಗೂ ಸರಿಕಾಣದು. ನಮ್ಮವರು ಮನುಷ್ಯರನ್ನು ಕೇಳುತ್ತಾರೆ, ಅವರು ಕಾಗದವನ್ನು ಕೇಳುತ್ತಾರೆ. ವಿಚಿತ್ರವೆಂದರೆ ಕಾನೂನು ಇರುವುದು ಇದಕ್ಕೆ ತಿರುಗುಮುರುಗಾಗಿ: ಬ್ರಿಟನ್ನಿನಲ್ಲಿ ಸಾಧಾರಣ ಬಳಕೆಗೆ ಬಾಯಿಮಾತಿನ ಒಪ್ಪಿಗೆ ಸಾಕು, ಲಿಖಿತವಾಗಿರಲೇಬೇಕಾದದ್ದು ಒಬ್ಬರಿಗೇ ಮೀಸಲಾದ ಪರವಾನಗಿ ಮಾತ್ರ, ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 30ನೇ ಕಲಮಾದರೋ ಪರವಾನಗಿ ಲಿಖಿತವಾಗಿರಬೇಕು ಎನ್ನುತ್ತದೆ. ಮೇಷ್ಟ್ರ ‘ಹೂಂ’ ಕಾಗದಕ್ಕೆ ಇಳಿಯಬೇಕಾಗಿದ್ದದ್ದು ಹಾಸನದಲ್ಲಿಯೇ.

ಉಲ್ಲೇಖದ ವಿಷಯದಲ್ಲೂ ಎರಡು ಕಡೆಯ ದಾರಿ ಬೇರೆ. 2014ರ ಅಕ್ಟೋಬರಿನಿಂದ ಬ್ರಿಟನ್ನಿನಲ್ಲಿ ವಿಮರ್ಶೆಗೆ ಮಾತ್ರವಲ್ಲ, ಬೇರೆ ಉದ್ದೇಶಕ್ಕೂ, ಈಗಾಗಲೇ ಬಹಿರಂಗವಾದದ್ದನ್ನು ಬೇಕಾದಷ್ಟೇ, ಮೂಲ ಹೇಳಿ, ನ್ಯಾಯವಾದ ರೀತಿಯಲ್ಲಿ ಉಲ್ಲೇಖಿಸಬಹುದು. ಭಾರತದ 52ನೇ ಕಲಮು ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ ಎಂದು ಉದ್ದೇಶಗಳನ್ನು ಹೆಸರಿಸುತ್ತದೆ. ಬರೀ ಹೊಗಳಿಕೆಯ ನಡುವೆ ಎರಡು ಪುಟ ಭಾಷಣವನ್ನು ಇಡಿಯಾಗಿ ಇಟ್ಟರೆ ಅದು ವಿಮರ್ಶೆಯಾದೀತೇ? ನನಗೆ ಅನುಮಾನ. ಗಾದೆಗಳನ್ನು ಮೇಷ್ಟ್ರು ವಿವರಿಸಿದ ಬಗೆಯನ್ನು ಚರ್ಚಿಸುವ ಲೇಖನ ಬರೆದು, ಅದರೊಳಗೆ ಬೇಕಾದ ಸಾಲುಗಳನ್ನಷ್ಟೇ ಎತ್ತಿಕೊಳ್ಳುವುದು ಹೆಚ್ಚು ಕ್ಷೇಮ, ಓದುವುದಕ್ಕೂ ಹಿತ. ‘ಪುಸ್ತಕ ಮಾರಾಟಕ್ಕಲ್ಲ, ಉಚಿತವಾಗಿ ಹಂಚುತ್ತೇವೆ’ ಎಂಬ ಸಮಾಧಾನ ನಮ್ಮಲ್ಲಿ ಬಹಳ ಹಳೆಯದು. ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಹೇಳುವ 63ನೇ ಕಲಮಿನಲ್ಲಿ, ಲಾಭಕ್ಕಾಗಿ ಮಾಡದಿದ್ದಾಗ ನ್ಯಾಯಾಲಯ ಶಿಕ್ಷೆಯನ್ನು ತಗ್ಗಿಸಬಹುದು ಎಂದಿದೆಯೇ ಹೊರತು ತಪ್ಪೇ ಅಲ್ಲ ಎಂದಿಲ್ಲ.

ನಿಜವಾದ ತೊಡಕು ಆ ಪುಟ್ಟ ಕ್ಯೂಆರ್ ಚೌಕದ್ದು. ಮಾತನ್ನು ಅಕ್ಷರದಲ್ಲಿ ಅಚ್ಚು ಹಾಕುವಾಗ ನಾವು ಮುಟ್ಟುವುದು ಮೇಷ್ಟ್ರು ಬರೆದ ಭಾಷಣವನ್ನು. ಅದರ ಹಕ್ಕು, ಬಾನುಲಿಯವರೊಂದಿಗಿನ ಕರಾರಿನಲ್ಲಿ ಬಿಟ್ಟುಕೊಟ್ಟಿರದಿದ್ದರೆ, ಅವರದೇ, ಅವರ ನಂತರವೂ 60 ವರ್ಷ. ಧ್ವನಿಯನ್ನು ಕೇಳಿಸಹೊರಟರೆ ಇನ್ನೂ ಮೂರು ಹಕ್ಕುಗಳನ್ನು ನೋಡಬೇಕು: ಪ್ರಸಾರಕರದು, ಮಾತಾಡಿದವರದು, ಧ್ವನಿಮುದ್ರಣದ್ದು. ಪ್ರಸಾರಕರಿಗೆ 37ನೇ ಕಲಮು ಕೊಡುವ ಹಕ್ಕು ಪ್ರಸಾರದ ಮರುವರ್ಷದ ಆರಂಭದಿಂದ 25 ವರ್ಷ; 1996ರ ಪ್ರಸಾರದ ಮೇಲಿನ ಆ ಹಕ್ಕು 2021ರ ಕೊನೆಗೇ ಮುಗಿದಿದೆ. ಬ್ರಿಟನ್ನಿನಲ್ಲಾಗಿದ್ದರೆ ಇದು 50 ವರ್ಷ, ಅಂದರೆ 2046ರವರೆಗೆ. ಇಷ್ಟಕ್ಕೇ ಹಿಗ್ಗುವಂತಿಲ್ಲ: ನಮ್ಮ ಕಾಯಿದೆ ಉಪನ್ಯಾಸ ಮಾಡುವವರನ್ನೂ ಹಾಡುಗಾರರು, ನಟರಂತೆ ಪ್ರದರ್ಶಕರೆಂದೇ ಗಣಿಸುವುದರಿಂದ ಅವರ ಹಕ್ಕು 50 ವರ್ಷ ಉಳಿಯುತ್ತದೆ, ಕೇಂದ್ರದವರು ಮೊದಲೇ ಟೇಪಿಗೆ ಇಳಿಸಿ ಪ್ರಸಾರ ಮಾಡಿದ್ದರೆ ಆ ಧ್ವನಿಮುದ್ರಣಕ್ಕೆ ಪ್ರತ್ಯೇಕವಾಗಿ 60 ವರ್ಷ. ಮೇಷ್ಟ್ರದು ಭಾಷಣವಾಗಿರದೆ ಸಂದರ್ಶನವಾಗಿದ್ದರೆ ಪ್ರಶ್ನೆ ಕೇಳಿದವರ ಒಪ್ಪಿಗೆಯನ್ನೂ ನಾನಂತೂ ಬೇಡುತ್ತಿದ್ದೆ.

ಇದನ್ನೆಲ್ಲ ಬರೆದು ಕಳಿಸಿದಾಗ ಸಮಿತಿಯ ಹಿರಿಯರೊಬ್ಬರು “ಪರದೇಶಕ್ಕೆ ಹೋದ್ಮೇಲೆ ಹುಡುಗ ವಕೀಲನಾಗಿಬಿಟ್ಟ” ಎಂದರಂತೆ. ಆದರೂ ಮೇಷ್ಟ್ರ ಸಹಿ ಹಾಕಿಸಿ ಒಪ್ಪಿಗೆ ಪತ್ರ ತಂದರು, ಲೇಖನವನ್ನು ಚರ್ಚೆಯ ರೂಪಕ್ಕೆ ತಿರುಗಿಸಿದರು. ಬಾನುಲಿ ಕೇಂದ್ರಕ್ಕೆ ನಾವು ಬರೆದದ್ದು ಬಹಳ ತಡವಾಗಿ, ಹಾಸನಾಂಬ ಕಲಾಕ್ಷೇತ್ರದಲ್ಲಿ ಬಿಡುಗಡೆಗೆ ದಿನ ಗೊತ್ತಾದ ಮೇಲೆ. ಉತ್ತರಕ್ಕೆ ಕಾಯುವ ವ್ಯವಧಾನವಿರಲಿಲ್ಲ, ಅದು ನಮ್ಮದೇ ತಪ್ಪು. ಕ್ಯೂಆರ್ ಕೋಡಿಗೆಂದು ಬಿಟ್ಟಿದ್ದ ಚೌಕ ಪುಸ್ತಕದಲ್ಲಿ ಖಾಲಿಯಾಗಿಯೇ ಅಚ್ಚಾಗಿದೆ. ನನಗೆ ಬಂದ ಪ್ರತಿಯಲ್ಲಿ ಮೇಷ್ಟ್ರು ಅದರೊಳಗೆ ಒಂದು ಗಾದೆ ಬರೆದು ಕಳಿಸಿದ್ದಾರೆ.