ದರಕಿನ ಮೇಲೆ ಕೂತ ನತ್ತಿಂಗ ಗಾಯಗೊಂಡಿಲ್ಲ

ಶಿರಸಿ, ಸಿದ್ದಾಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಬೆಟ್ಟದಲ್ಲಿ ಒಣ ಎಲೆ ಬಣ್ಣದ ಹಕ್ಕಿ ರೆಕ್ಕೆ ಎಳೆಯುತ್ತಿದ್ದರೆ ಅದು ಗಾಯಗೊಂಡಿದೆ, ಮನೆಗೆ ತಂದು ಹಾಲು-ಅನ್ನ ಕೊಡಿ ಎಂದು. ಇದು ತಪ್ಪು.

ಆ ಹಕ್ಕಿ ನತ್ತಿಂಗ (ನೈಟ್‌ಜಾರ್), ರಾತ್ರಿ ಹಾರಿ ಹುಳ ಹಿಡಿಯುವಂಥದ್ದು. ಅದು ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ, ನಾವು ದರಕು (ಉದುರಿದ ಒಣ ಎಲೆ) ಗುಡಿಸುವ ಹೊತ್ತಿಗೇ, ನೆಲದ ಮೇಲೆ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಯಾರಾದರೂ ಹತ್ತಿರ ಹೋದರೆ ರೆಕ್ಕೆ ಮುರಿದಂತೆ ನಟಿಸಿ ದೂರ ಸೆಳೆಯುತ್ತದೆ. ಪಕ್ಕಾ ನಾಟಕ! ಇಪ್ಪತ್ತು ಮೂವತ್ತು ಮೀಟರ್ ಹಿಂದೆ ಸರಿದು ಕಾಯಿರಿ. ಸ್ವಲ್ಪ ಹೊತ್ತಿಗೆ ಸರಿಯಾಗಿ ಹಾರಿದರೆ ಗಾಯವಿಲ್ಲ. ಅಲ್ಲಿ ಕೆಲವು ಮೀಟರ್ ದರಕು ಹಾಗೇ ಬಿಡಿ, ನಾಯಿಯನ್ನು ಅತ್ತ ಬಿಡಬೇಡಿ. ಮೊಟ್ಟೆ ಒಡೆದು ಮರಿ ಹಾರಲು ಒಂದೂವರೆ ತಿಂಗಳು ಬಿಟ್ಟರೆ ಸಾಕು.

ಹಾಲು, ಅನ್ನ ಯಾವುದೂ ಬೇಡ. ಹಾರುವ ಪತಂಗ, ಜೀರುಂಡೆಯೇ ಇದರ ಆಹಾರ. ಬಾಯಿಗೆ ಹುಯ್ದ ಹಾಲು ಶ್ವಾಸನಾಳಕ್ಕೆ ಇಳಿದರೆ ಹಕ್ಕಿ ಸಾಯುತ್ತದೆ.

ನಿಜವಾದ ಗಾಯ ಹೆಚ್ಚಾಗಿ ರಸ್ತೆಯಲ್ಲೇ. ರಾತ್ರಿ ಡಾಂಬರಿನ ಮೇಲೆ ಕೂತು ವಾಹನಕ್ಕೆ ಸಿಗುತ್ತವೆ. ಅಂಥದ್ದು ಸಿಕ್ಕರೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಕತ್ತಲಲ್ಲಿಟ್ಟು, ನೀರನ್ನೂ ಕುಡಿಸದೆ ವಲಯ ಅರಣ್ಯ ಕಚೇರಿಗೆ ಮುಟ್ಟಿಸಿ.