ಹದಿನೈದು ಕೆ.ಜಿ. ಟೊಮೆಟೊ ಬಾಕ್ಸು

ಬೆಲೆ ಕಟ್ಟುವವನು ಯಾರು, ಬೆಳೆಯುವವನೋ ಕೊಳ್ಳುವವನೋ? ಈ ಜಗಳಕ್ಕೆ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಪಂಚಾಯ್ತಿ ಮಾಡಿದ್ದ. ಕಾಗದ ಕತ್ತರಿಸಿದ್ದು ಕತ್ತರಿಯ ಮೇಲಿನ ಅಲಗೋ ಕೆಳಗಿನದೋ ಎಂದು ಕೇಳಿದ ಹಾಗಾಯಿತು ಎಂದ. ಜನ ಅಷ್ಟನ್ನೇ ನೆನಪಿಟ್ಟುಕೊಂಡರು. ಒಂದು ಅಲಗು ಅಲ್ಲಾಡದೆ ನಿಂತಿದ್ದರೆ ಕತ್ತರಿಸಿದ್ದು ಇನ್ನೊಂದು ಅಂದರೂ ನಡೆದೀತು ಎಂದೂ ಅವನು ಸೇರಿಸಿದ್ದ. ನನಗೆ ರುಚಿಸುವುದು ಈ ಬಾಲಂಗೋಚಿಯೇ.

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಅಲ್ಲಾಡದೆ ನಿಂತ ಅಲಗನ್ನು, ಅಂದರೆ ಬೆಳೆಯುವವನ ಪೂರೈಕೆಯನ್ನು, ಕಣ್ಣಾರೆ ನೋಡಬಹುದು. ಅಲ್ಲಿ ಇಳಿದ ಟೊಮೆಟೊ ಆ ದಿನದ ಮಟ್ಟಿಗೆ ಅಷ್ಟೇ. ಹರಾಜು ಏರಿತೆಂದು ಮಧ್ಯಾಹ್ನದೊಳಗೆ ಹೊಸದು ಹಣ್ಣಾಗುವುದಿಲ್ಲ, ಇಳಿಯಿತೆಂದು ಮನೆಗೆ ಒಯ್ದು ಕೂಡಿಡುವಂತಿಲ್ಲ. ಬಣ್ಣ ತಿರುಗುತ್ತಿರುವ ಗಟ್ಟಿ ಕಾಯಾದರೆ ದೂರದ ಲಾರಿ ಹತ್ತುತ್ತದೆ. ಪೂರ್ತಿ ಕೆಂಪಾದದ್ದಕ್ಕೆ ಸುತ್ತಮುತ್ತಲ ಸಂತೆಯೇ ಗತಿ. ಹೊರರಾಜ್ಯದ ವ್ಯಾಪಾರಿ ಅವತ್ತು ಕೊಳ್ಳದೆ ಹಿಂದೆ ಸರಿದರೆ ಅದೇ ತೋಟದ ಮಾಲಿಗೂ ನಿನ್ನೆಯ ರೇಟು ಸಿಗುವುದಿಲ್ಲ. ಆ ದಿನದ ಮಟ್ಟಿಗೆ ಬೇಡಿಕೆಯದೇ ದರ್ಬಾರು.

ಆದರೆ ಈ ಬೇಡಿಕೆಗೂ ಹೊಟ್ಟೆಯ ಮಿತಿಯಿದೆ. ಟೊಮೆಟೊ ಅಗ್ಗವಾಯಿತೆಂದು ಯಾರೂ ದಿನಕ್ಕೆ ಎರಡು ಸಲ ಸಾರು ಮಾಡುವುದಿಲ್ಲ. ತುಟ್ಟಿಯಾದರೆ ನಾಲ್ಕರ ಬದಲು ಎರಡು ಹಾಕಿ, ಹುಣಸೆಹಣ್ಣು ಕಿವುಚಿಕೊಳ್ಳುತ್ತಾರೆ, ಅಷ್ಟೆ. ಅದಕ್ಕೇ ಮಾಲು ಸ್ವಲ್ಪ ಹೆಚ್ಚಾದರೂ ರೇಟು ನೆಲಕಚ್ಚುತ್ತದೆ, ಸ್ವಲ್ಪ ಕಮ್ಮಿಯಾದರೂ ಮುಗಿಲು ಮುಟ್ಟುತ್ತದೆ. ಕೊಯ್ಲಿನ ಕೂಲಿ, ಬಾಡಿಗೆ, ಕಮಿಷನ್ ಕಳೆದು ಬಾಕ್ಸಿಗೆ ಏನೂ ಉಳಿಯದ ದಿನ ಹಣ್ಣನ್ನು ಗಿಡದಲ್ಲೇ ಬಿಡುವುದು ಸೋಮಾರಿತನವಲ್ಲ, ಶುದ್ಧ ಲೆಕ್ಕ. ಸಸಿ, ಹನಿ ನೀರಾವರಿಯ ಡ್ರಿಪ್, ನೆಲಕ್ಕೆ ಹೊದಿಸುವ ಮಲ್ಚಿಂಗ್ ಶೀಟು, ಆಸರೆಯ ಕಡ್ಡಿ, ದಾರಕ್ಕೆ ಸುರಿದ ದುಡ್ಡು ಹೇಗೂ ಹೋಗಿದೆ. ಕೊಯ್ದರೆ ಇನ್ನಷ್ಟು ಹೋಗುತ್ತದೆ.

ಈಗ ಮೂರು ತಿಂಗಳು ಮುಂದೆ ಬನ್ನಿ, ಆಗ ಅಲ್ಲಾಡುವುದು ಪೂರೈಕೆಯ ಅಲಗು. ನರ್ಸರಿಯಲ್ಲಿ ಸಸಿಗೆ 25ರಿಂದ 30 ದಿನ, ನಾಟಿಯಾದ ಮೇಲೆ ಮೊದಲ ಕೊಯ್ಲಿಗೆ 60ರಿಂದ 70 ದಿನ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತು. ಅದರ ಬೇರು ಇದ್ದದ್ದು ಬೇಸಿಗೆಯಲ್ಲಿ. ಹಿಂದಿನ ಬೆಳೆಗೆ ಬೆಲೆ ಸಿಗದೆ ಹಲವರು ಟೊಮೆಟೊ ಬಿಟ್ಟಿದ್ದರು, ನೆಟ್ಟವರ ಹೊಲಕ್ಕೆ ಬಿಳಿನೊಣ ಹರಡುವ ಎಲೆಮುದುಡು ರೋಗ ಬಿದ್ದಿತ್ತು. ತಿನ್ನುವವರ ನಾಲಿಗೆಯೇನೂ ಬದಲಾಗಿರಲಿಲ್ಲ. ಉತ್ತರ ಭಾರತದ ಮೆಕ್‌ಡೊನಾಲ್ಡ್ಸ್ ಅಂಗಡಿಗಳು ಬರ್ಗರಿನಿಂದ ಟೊಮೆಟೊ ಕಿತ್ತವು, ಕೇಂದ್ರ ಸರ್ಕಾರ ನೇಪಾಳದಿಂದ ತರಿಸಿತು. ಸೆಪ್ಟೆಂಬರ್ ಹೊತ್ತಿಗೆ ಹೊಸ ಮಾಲು ಬಂದು ರೇಟು ಕುಸಿಯಿತು.

ಹಾಗಾಗಿ ನಾಟಿಗೆ ಮುನ್ನ ಇವತ್ತಿನ ಹರಾಜಿನ ರೇಟು ನೋಡುವುದು ಅರ್ಧ ಬುದ್ಧಿ. ಅದು ಹಳೆಯ ನಾಟಿಯ ಫಲ. ಸುತ್ತಲಿನ ನರ್ಸರಿಗಳಲ್ಲಿ ಸಸಿ ಬೆಳೆಸುವ 98 ಗುಳಿಯ ಟ್ರೇಗಳು ಎಷ್ಟು ಬುಕ್ ಆಗಿವೆ ಎಂದು ವಿಚಾರಿಸಿದರೆ ಮುಂದಿನ ಮಾಲಿನ ಅಂದಾಜು ಸಿಗುತ್ತದೆ. ಆದರೆ ಬಾಕ್ಸಿನ ರೇಟು ಏರಿದಾಗಲೇ ಎಲ್ಲರೂ ನರ್ಸರಿಗೆ ಓಡುವುದು, ಆಗ ಸಸಿಯ ರೇಟೂ ಏರಿರುತ್ತದೆ. ನರ್ಸರಿಯವನು ಮಾತ್ರ ಅಡ್ವಾನ್ಸ್ ಎಣಿಸಿಕೊಂಡು ಆರಾಮಾಗಿರುತ್ತಾನೆ.