ಕಾಯುವ ಪಟ್ಟಿಯಲ್ಲಿ ಬದಲಾಗುವ ಒಪ್ಪಿಗೆ

ಸವೆದ ಮಂಡಿಯನ್ನೋ ಸೊಂಟದ ಕೀಲನ್ನೋ ಬದಲಾಯಿಸುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ತುರ್ತಿನದಲ್ಲ. ಆದ್ದರಿಂದಲೇ ಆಸ್ಪತ್ರೆಗಳ ಮೇಲೆ ಒತ್ತಡ ಹೆಚ್ಚಿದಾಗ ಮೊದಲು ಮುಂದಕ್ಕೆ ಹೋಗುವುದೂ ಅದೇ. ಕೋವಿಡ್ ಕಾಲದಲ್ಲಿ ಹಲವು ದೇಶಗಳಲ್ಲಿ ಇದನ್ನು ಕಂಡೆವು. ಕಾಯುವಾಗ ನೋವು ಹೆಚ್ಚುವುದು, ತೊಡೆಯ ಸ್ನಾಯು ಸೊರಗುವುದು ಚರ್ಚೆಗೆ ಬರುತ್ತವೆ. ರೋಗಿಯ ನಿರ್ಧಾರವೂ ಅಷ್ಟರಲ್ಲಿ ಬದಲಾಗಿರಬಹುದು ಎಂಬುದು ಮಾತ್ರ ಚರ್ಚೆಗೆ ಬರುವುದು ಅಪರೂಪ.

ಪಟ್ಟಿ ಉದ್ದವಾಗಿದೆ ಎಂದು ತಿಳಿದ ಕೂಡಲೇ, ಇನ್ನೂ ಮನಸ್ಸು ಗಟ್ಟಿಮಾಡದವರೂ ಹೆಸರು ಬರೆಸುತ್ತಾರೆ. ಆ ಒಪ್ಪಿಗೆ ಶಸ್ತ್ರಚಿಕಿತ್ಸೆಗಿಂತ ಹೆಚ್ಚಾಗಿ ಸರದಿಯಲ್ಲಿ ಒಂದು ಜಾಗಕ್ಕೆ ಕೊಟ್ಟದ್ದು, ಆದರೆ ಕಡತದಲ್ಲಿ ಎರಡೂ ಒಂದೇ ರೀತಿ ದಾಖಲಾಗುತ್ತವೆ. ಇಂಥವರಲ್ಲಿ ಕೆಲವರಿಗೆ ವ್ಯಾಯಾಮ, ತೂಕ ಇಳಿಕೆ, ನೋವು ನಿವಾರಕಗಳಿಂದಲೇ ಸಾಕಷ್ಟು ಆರಾಮ ಸಿಗಬಹುದು. ಮಂಡಿ ಬದಲಾವಣೆಗೆ ಅರ್ಹರಾಗಿದ್ದ 100 ಮಂದಿಯನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆ ಪಡೆದ ಗುಂಪಿನ ಸುಮಾರು ಕಾಲು ಭಾಗದವರು ಮಾತ್ರ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದರು. ಹಾಗೆಂದು ಕಾಯಿಸುವುದೇ ಒಳ್ಳೆಯದು ಎಂದು ಯಾರೂ ವಾದಿಸಬಾರದು: ಅದೇ ಅಧ್ಯಯನದಲ್ಲಿ ನೋವು ಹೆಚ್ಚು ತಗ್ಗಿದ್ದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ. ಅಲ್ಲದೆ, ಶಸ್ತ್ರಚಿಕಿತ್ಸೆಯಿಲ್ಲದ ಗುಂಪಿಗೆ ಸಿಕ್ಕಿದ್ದು ನಿಯಮಿತ ಆರೈಕೆ, ಬರಿಯ ಕಾಯುವಿಕೆಯಲ್ಲ.

ನೋವು ತೀವ್ರವಾಗಿರುವವರ ಲೆಕ್ಕಾಚಾರ ಬೇರೆ. ತಾವು ನಂಬಿದ ವೈದ್ಯರೇ ಆಗಬೇಕು, ಮನೆಯ ಹತ್ತಿರದ ಆಸ್ಪತ್ರೆಯೇ ಬೇಕು ಎಂದು ಮೊದಲು ಪಟ್ಟು ಹಿಡಿದಿದ್ದವರೂ ತಿಂಗಳುಗಳು ಉರುಳಿದಂತೆ ಅದನ್ನು ಸಡಿಲಿಸಿ, ದೂರದ ಊರಿಗೂ ಗುರುತಿಲ್ಲದ ವೈದ್ಯರಿಗೂ ಒಪ್ಪುತ್ತಾರೆ. ಕೈಯಲ್ಲಿ ಹಣವಿದ್ದವರು ಖಾಸಗಿ ಆಸ್ಪತ್ರೆಯತ್ತ ಹೊರಡುತ್ತಾರೆ. ಇದನ್ನು ಆಯ್ಕೆಯ ಸ್ವಾತಂತ್ರ್ಯ ಎಂದು ವರ್ಣಿಸುವ ಆಡಳಿತ ಭಾಷೆ ನನಗೆ ಒಪ್ಪಿಗೆಯಿಲ್ಲ. ಹಣವೂ ಇಲ್ಲದೆ, ಪ್ರಯಾಣಕ್ಕೆ ಜೊತೆಗಾರರೂ ಇಲ್ಲದೆ ಪಟ್ಟಿಯಲ್ಲೇ ಉಳಿದವರಿಗೆ ಆ ಸ್ವಾತಂತ್ರ್ಯ ಎಲ್ಲಿಂದ ಬರಬೇಕು?

ಎಷ್ಟು ಕಾಯುವುದು ಸಹ್ಯ ಎಂಬುದಕ್ಕೂ ಒಂದೇ ಅಳತೆಯಿಲ್ಲ. ಇಂಗ್ಲೆಂಡಿನ ಸರ್ಕಾರಿ ವ್ಯವಸ್ಥೆಯ ಗುರಿ, ತಜ್ಞರಿಗೆ ಶಿಫಾರಸಾದಲ್ಲಿಂದ 18 ವಾರ. ಕೆನಡಾದಲ್ಲಿ ಸೊಂಟ ಮತ್ತು ಮಂಡಿಯ ಕೀಲು ಬದಲಾವಣೆಗೆ 26 ವಾರ, ಅದೂ ಎಣಿಕೆ ಶುರುವಾಗುವ ಹಂತವೇ ಬೇರೆ.

ಹೀಗಿರುವಾಗ ದಿನಾಂಕ ಬಂದಾಗ ಬೇಡವೆಂದವರೆಲ್ಲ ಗುಣವಾದವರೆಂದು ಭಾವಿಸಿ ಹೆಸರು ಹೊಡೆದುಹಾಕುವುದು ತಪ್ಪು. ಒಬ್ಬರಿಗೆ ನೋವು ತಗ್ಗಿರಬಹುದು. ಇನ್ನೊಬ್ಬರಿಗೆ ಅಷ್ಟರಲ್ಲಿ ಹೃದಯದ ತೊಂದರೆ ಕಾಣಿಸಿಕೊಂಡು ಅರಿವಳಿಕೆಯ ಭಯ ಹುಟ್ಟಿರಬಹುದು. ಮತ್ತೊಬ್ಬರ ಆರೈಕೆಗೆ ನಿಲ್ಲಬೇಕಿದ್ದ ಸಂಗಾತಿಯೇ ಹಾಸಿಗೆ ಹಿಡಿದಿರಬಹುದು. ದೀರ್ಘಕಾಲ ಕಾದವರನ್ನು ದಿನಾಂಕ ನಿಗದಿಯಾಗುವ ಮೊದಲೇ ಕರೆಸಿ, ನೋವು, ನಡಿಗೆ, ಮನೆಯ ಪರಿಸ್ಥಿತಿಗಳನ್ನು ಹೊಸದಾಗಿ ವಿಚಾರಿಸಿ ಒಪ್ಪಿಗೆ ಕೇಳಬೇಕು, ಮತ್ತು ಸದ್ಯಕ್ಕೆ ಬೇಡವೆಂದವರು ಮುಂದೆ ಬೇಕೆಂದರೆ ಸರದಿಯ ಕೊನೆಗೆ ಹೋಗದಂತೆ ಅವರ ಜಾಗವನ್ನು ಕಾಯ್ದಿರಿಸಬೇಕು.